ಕಿರ್ದಿಯಲ್ಲಿ ಇಲ್ಲದ್ದು ಖಾತೆಯಲ್ಲಿ

ಹೋದ ವಾರ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಡೇಟಾಬೇಸಿಗೆ ಅಂತ ಒಂದು ವರ್ಚುವಲ್ ಮಷೀನ್ (ವಿಎಂ, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಮಾಡುತ್ತಾ ಕೂತಿದ್ದ. ಅಂಥ ಮಷೀನುಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಸ್ಕ್ ಸೇರಿಸುವಾಗ ಕ್ಯಾಶ್ (ಡಿಸ್ಕಿಗೆ ಹೋಗುವ ಬರಹ ನಡುವೆ ನಿಲ್ಲುವ ಮೆಮೊರಿ) ಅಂತ ಒಂದು ಪಟ್ಟಿ ತೆರೆದುಕೊಳ್ಳುತ್ತದಲ್ಲ, ಅಲ್ಲಿಗೆ ಬಂದು ನಿಂತ. ನನ್ನ ಕಡೆ ತಿರುಗಿ, "ಅಕ್ಕಾ, ನೋ ಕ್ಯಾಶ್ ಅಂತಾನೇ ಬಿಡ್ತೀನಿ. ಕ್ಯಾಶೇ ಇಲ್ಲ ಅಂದ್ಮೇಲೆ ಕರೆಂಟ್ ಹೋದ್ರೂ ಏನೂ ಹೋಗಲ್ಲ ಅಲ್ವಾ?" ಅಂದ. ನಾನು ಇನ್ನೇನೋ ಓದುತ್ತಿದ್ದೆ. "ಹೂಂ, ಹಾಗೇ ಬಿಡು" ಅಂದೆ. ಅವನು ಮುಂದಿನ ಪುಟಕ್ಕೆ ಹೋದ. ಆರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವನು ಕೊಟ್ಟ ಕಾರಣ ತಪ್ಪು, ಆ ಕಾರಣಕ್ಕೆ ನಾನು ಹೂಂ ಅಂದಿದ್ದೆ. ಮನೆಗೆ ಬಂದು ಅನ್ನಕ್ಕೆ ಇಡುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಅದೇ ಪಟ್ಟಿಯಲ್ಲಿ ನಾನು ಒಂದು ರಾತ್ರಿ ಮಾಡಿದ ಆಯ್ಕೆಯಿಂದ ಒಂದು ಅಡಿಕೆ ಮಂಡಿಯ ಇಡೀ ದಿನದ ಲೆಕ್ಕ ಅಳಿಸಿಹೋಗಿದೆ. ಇದನ್ನು ಹತ್ತಿರದ ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಈಗ ಬರೆಯಬೇಕು ಅನ್ನಿಸಿತು.

ಮಂಡಿಯ ಹಿಂದಿನ ಕೋಣೆ

ಆಗ ನಾನಿನ್ನೂ ಬೆಂಗಳೂರಿಗೆ ಬಂದಿರಲಿಲ್ಲ. ಸಾಗರದ ಕಡೆ ಊರಲ್ಲೇ ಇದ್ದುಕೊಂಡು ಸುತ್ತಮುತ್ತಲಿನ ಅಂಗಡಿ, ಸೊಸೈಟಿ, ಮಂಡಿಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಆ ಮಂಡಿಯ ಹಿಂದಿನ ಕೋಣೆಯಲ್ಲಿ, ಚಾಲಿ ಮೂಟೆಗಳ ಪಕ್ಕದಲ್ಲಿ, ಒಂದು ಟವರ್ ಸರ್ವರ್ ಇತ್ತು. ಒಳಗೆ 7200 ಆರ್‌ಪಿಎಂನ ಎರಡು ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವ ಹಾಗೆ. ಅದರ ಮೇಲೆ ಕೆವಿಎಂ ಹಾಕಿ ಎರಡು ವಿಎಂ ಮಾಡಿದ್ದೆ. ಒಂದರಲ್ಲಿ ಹೊಸ ಬಿಲ್ಲಿಂಗ್ ಪ್ರೋಗ್ರಾಂ, ಮೈಎಸ್‌ಕ್ಯೂಎಲ್ ಡೇಟಾಬೇಸ್. ಇನ್ನೊಂದರಲ್ಲಿ ಹಳೆಯ ವಿಂಡೋಸ್ ಸಾಫ್ಟ್‌ವೇರ್, ಹಳೆ ಲೆಕ್ಕ ಯಾವಾಗ ಬೇಕಾಗುತ್ತದೋ ಅಂತ ಹಾಗೇ ಇಟ್ಟಿದ್ದು. ಹಳೆಯದರಿಂದ ಹೊಸದಕ್ಕೆ ಸುಮಾರು 6 ಲಕ್ಷ ಸಾಲು ಸಾಗಿಸಬೇಕಿತ್ತು. ಅದಕ್ಕೆ ನಾನು ಬರೆದ ಸ್ಕ್ರಿಪ್ಟ್ ಒಂದೊಂದೇ ಸಾಲು ಹಾಕಿ, ಪ್ರತಿ ಸಾಲಿಗೂ ಕಮಿಟ್ (ಇದನ್ನು ಖಾಯಂ ಮಾಡು ಅಂತ ಡೇಟಾಬೇಸಿಗೆ ಹೇಳುವುದು) ಮಾಡುತ್ತಿತ್ತು. ಸೆಕೆಂಡಿಗೆ 40 ಸಾಲು. ಲೆಕ್ಕ ಹಾಕಿದೆ, ನಾಲ್ಕು ಗಂಟೆಗೂ ಜಾಸ್ತಿ ಬೇಕು. ಊರಿಗೆ ಕೊನೇ ಬಸ್ಸು ಎಂಟೂವರೆಗೆ. ಸ್ಕ್ರಿಪ್ಟ್ ತಿದ್ದಿ ಸಾವಿರ ಸಾಲಿಗೆ ಒಂದು ಕಮಿಟ್ ಮಾಡಿದ್ದರೆ ಆಗುತ್ತಿತ್ತು. ಅದರ ಬದಲು ಸುಲಭದ ದಾರಿ ಹಿಡಿದೆ. ವಿಎಂ ನಿಲ್ಲಿಸಿ, ಡಿಸ್ಕಿನ ಕ್ಯಾಶ್ ಮೋಡನ್ನು ಅನ್‌ಸೇಫ್‌ಗೆ ಬದಲಿಸಿ, ಮತ್ತೆ ಶುರು ಮಾಡಿದೆ. ಅದೇ 6 ಲಕ್ಷ ಸಾಲು ಹತ್ತು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಮೋಡ್ ವಾಪಸ್ ಬದಲಿಸಲಿಲ್ಲ.

ಮುಂದಿನ ಮೂರು ವಾರ ಎಲ್ಲರಿಗೂ ಖುಷಿ. ಮಂಡಿಯ ಗುಮಾಸ್ತರು ಅರವತ್ತು ದಾಟಿದವರು, ಮೂವತ್ತೈದು ವರ್ಷ ಅಲ್ಲೇ ಲೆಕ್ಕ ಬರೆದವರು. ಫೋನ್ ಮಾಡಿ, "ತಂಗೀ, ಈಗ ಬಟನ್ ಒತ್ತೋದೇ ತಡ, ಚೀಟಿ ಬಂದೇ ಬಿಡ್ತದೆ. ಮೊದಲು ಸ್ವಲ್ಪ ಯೋಚನೆ ಮಾಡ್ತಿತ್ತು" ಅಂದರು. ನನಗೂ ಖುಷಿಯಾಯಿತು. ಆ ಖುಷಿಯಲ್ಲೇ ನಾನು ತಪ್ಪನ್ನು ಹಿಡಿಯಬೇಕಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ಬರಹ ನಿಜವಾಗಿ ತಟ್ಟೆಗೆ ಹೋಗಿ, ಆಯ್ತು ಅಂತ ಉತ್ತರ ಬಂದು, ಆಮೇಲೆ ಅದರ ಪಕ್ಕದಲ್ಲೇ ಮುಂದಿನದು ಬರೆಯಬೇಕು ಅಂದರೆ ತಟ್ಟೆ ಇನ್ನೊಂದು ಸುತ್ತು ಬರುವ ತನಕ ಕಾಯಲೇಬೇಕು. ಹಾಗಾಗಿ ಒಂದರ ಹಿಂದೆ ಒಂದು ಮಾಡುವ ಕಮಿಟ್ ಅಂಥ ಡಿಸ್ಕಿನಲ್ಲಿ ಸೆಕೆಂಡಿಗೆ 120ರ ಆಸುಪಾಸು ದಾಟುವ ಹಾಗಿಲ್ಲ. ನನಗೆ ಸಿಗುತ್ತಿದ್ದದ್ದು ಸಾವಿರ. ಅಷ್ಟು ವೇಗ ಆ ಕಬ್ಬಿಣಕ್ಕೆ ಇಲ್ಲ. ನಡುವೆ ಯಾರೋ ಬರೆಯದೇ ಬರೆದೆ ಅನ್ನುತ್ತಿದ್ದಾರೆ ಅಂತಲೇ ಅದರ ಅರ್ಥ. ಹಾಗೆ ಹೇಳು ಅಂತ ಹೇಳಿಕೊಟ್ಟವಳು ನಾನು.

ಮೇ ತಿಂಗಳು. ಮುಂಗಾರಿಗೆ ಮುಂಚಿನ ಗುಡುಗು ಮಳೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದು, ಒಂದು ಸಲ ಕುಯ್ ಅಂತು, ಅದರ ಜೊತೆ ಸರ್ವರೂ ಆಫ್ ಆಯಿತು. ಕರೆಂಟ್ ಬಂದ ಮೇಲೆ ಗುಮಾಸ್ತರು ಸರ್ವರ್ ಆನ್ ಮಾಡಿದರು. ಬಿಲ್ಲಿಂಗ್ ತೆರೆಯಲಿಲ್ಲ. ನಾನು ಹೋಗಿ ತಲುಪುವಾಗ ಆರು ಗಂಟೆ. ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಮಷೀನು, ಚೆನ್ನಾಗೇ ಎದ್ದಿತ್ತು. ಒಳಗಿನ ಲಿನಕ್ಸ್ ಕೂಡ ಫೈಲ್ ಸಿಸ್ಟಮ್ ಸರಿಮಾಡಿಕೊಂಡು ಎದ್ದಿತ್ತು. ಮೈಎಸ್‌ಕ್ಯೂಎಲ್ ಮಾತ್ರ ಏಳುತ್ತಿಲ್ಲ. ಅದರ ಲಾಗಿನಲ್ಲಿ ಪುಟಗಟ್ಟಲೆ ಒಂದೇ ದೂರು: ಈ ಪುಟದ ಲಾಗ್ ಸೀಕ್ವೆನ್ಸ್ ನಂಬರ್ ಭವಿಷ್ಯದಲ್ಲಿದೆ. ರಿಕವರಿ ಮಟ್ಟವನ್ನು 1ರಿಂದ ಒಂದೊಂದೇ ಏರಿಸಿದೆ. ಕೊನೆಯ ಮಟ್ಟವಾದ 6ಕ್ಕೆ ಎದ್ದಿತು. ಆದರೆ ಒಟ್ಟು ಮೊತ್ತ ಒಂದು ಹೇಳಿದರೆ ಸಾಲುಗಳು ಇನ್ನೊಂದು ಹೇಳುತ್ತಿದ್ದವು.

ಗುಮಾಸ್ತರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಏನಾಗಿದೆ ಅಂತ ಕೇಳಿದರು. ನಾನು ನನಗೆ ಗೊತ್ತಿದ್ದ ಹಾಗೆ ಹೇಳಿದೆ. ಡೇಟಾಬೇಸ್ ಎರಡು ಕಡೆ ಬರೆಯುತ್ತದೆ. ಏನೇ ಬದಲಾವಣೆ ಇದ್ದರೂ ಮೊದಲು ಲಾಗ್ ಅನ್ನೋ ಫೈಲಿಗೆ ನಡೆದ ಕ್ರಮದಲ್ಲೇ ಬರೆದುಕೊಳ್ಳುತ್ತದೆ, ಅದು ಡಿಸ್ಕಿಗೆ ಹೋಯಿತು ಅಂತ ಖಾತ್ರಿ ಮಾಡಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಆಯಾ ಟೇಬಲ್ಲಿನ ಪುಟಕ್ಕೆ ಏರಿಸುತ್ತದೆ. ಈಗ ನೋಡಿದರೆ ಪುಟದಲ್ಲಿ ಇರೋದು ಲಾಗಿನಲ್ಲಿ ಇಲ್ಲ. ಅವರು ತಕ್ಷಣ, "ಅಂದ್ರೆ ಕಿರ್ದಿಯಲ್ಲಿ ಇಲ್ಲದ್ದು ಖಾತೆಯಲ್ಲಿ ಇದೆ ಅಂತಾಯ್ತು" ಅಂದರು. ಕಿರ್ದಿ ಅಂದರೆ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುವ ದಿನದ ಪುಸ್ತಕ, ಖಾತೆ ಅಂದರೆ ಅದರಿಂದ ಆಯಾ ಹೆಸರಿಗೆ ಏರಿಸುವ ಪುಸ್ತಕ. ಹೌದು ಅಂದೆ. ಅವರ ಮುಖ ಸಣ್ಣಗಾಯಿತು. "ಅದು ಹೇಗೆ ಬರ್ತದೆ ತಂಗಿ? ಕಿರ್ದಿ ಬರೀದೆ ಯಾರೂ ಖಾತೆಗೆ ಹಾಕೋದಿಲ್ಲ. ಹಾಗೆ ಹಾಕಿದ್ರೆ ಆ ಪುಸ್ತಕಾನೇ ನಂಬೋ ಹಾಗಿಲ್ಲ" ಅಂದರು. ಡೇಟಾಬೇಸ್ ಕೂಡ ಅಷ್ಟು ಹೊತ್ತು ಅದನ್ನೇ ಹೇಳುತ್ತಿತ್ತು.

ಆ ರಾತ್ರಿ ಹಿಂದಿನ ದಿನದ ಬ್ಯಾಕಪ್ ಏರಿಸಿದೆವು. ಅವತ್ತಿನದ್ದು 43 ಚೀಟಿ. ಅವರು ಕಂಪ್ಯೂಟರ್ ಬಂದ ಮೇಲೂ ಕಾರ್ಬನ್ ಪುಸ್ತಕ ಬಿಟ್ಟಿರಲಿಲ್ಲ, ಅದೇ ನಮ್ಮನ್ನು ಉಳಿಸಿತು. ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ರಾಶಿ ಇಷ್ಟು, ಕೆಂಪುಗೋಟು ಇಷ್ಟು, ಕೋಕಾ ಇಷ್ಟು. ಇಪ್ಪತ್ತೊಂಬತ್ತನೇ ಚೀಟಿಯ ನಕಲು ಮಸುಕಾಗಿತ್ತು. ಒಂದು ಕ್ವಿಂಟಲ್ ಮೂವತ್ತೇಳು ಕೇಜಿಯೋ, ಮೂವತ್ತೊಂದೋ ಗೊತ್ತಾಗುತ್ತಿಲ್ಲ. ಬಲ್ಬಿನ ಹತ್ತಿರ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು. ಕೊನೆಗೆ ರಾತ್ರಿ ಹತ್ತೂಕಾಲಿಗೆ ಆ ಬೆಳೆಗಾರರಿಗೆ ಫೋನ್ ಮಾಡಿದರು. ಅವರು ಮಲಗಿದ್ದರು ಅಂತ ಕಾಣುತ್ತದೆ, ಎದ್ದು ಅಂಗಿ ಜೇಬಿನಿಂದ ಚೀಟಿ ತೆಗೆದು ಓದಿದರು. ಮೂವತ್ತೇಳು. ಗುಮಾಸ್ತರು ಆ ಏಳನ್ನು ಪೆನ್ನಿನಲ್ಲಿ ತಿದ್ದಿ ದಪ್ಪ ಮಾಡಿದರು. ಆರು ಕೇಜಿ ಅಡಿಕೆಯ ದುಡ್ಡು ಒಬ್ಬರ ಜೇಬಿನಲ್ಲಿದ್ದ ಕಾಗದದ ಮೇಲೆ ನಿಂತಿತ್ತು. ಇವತ್ತಿಗೂ ಫ್ಲಶ್, ಅಂದರೆ ಬರೆದದ್ದನ್ನು ಡಿಸ್ಕಿಗೆ ಇಳಿಸು, ಅನ್ನೋ ಮಾತು ಕೇಳಿದರೆ ನನಗೆ ನೆನಪಾಗೋದು ಆ ಏಳು.

ಹೋದದ್ದು ಅರ್ಧ ನಿಮಿಷ, ಕೆಟ್ಟದ್ದು ಕ್ರಮ

ತುಂಬ ದಿನ ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಹೋಸ್ಟಿನ ಲಿನಕ್ಸ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡ ಬರಹವನ್ನು ಸುಮ್ನೆ ಹಾಗೇ ಇಟ್ಟುಕೊಂಡು ಕೂರುವುದಿಲ್ಲ. ನಾವೇನೂ ಬದಲಿಸದಿದ್ದರೆ ಐದು ಸೆಕೆಂಡಿಗೊಮ್ಮೆ ಎದ್ದು ನೋಡುತ್ತದೆ, ಮೂವತ್ತು ಸೆಕೆಂಡಿಗಿಂತ ಹಳೆಯದಾದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಹಾಗಿದ್ದರೆ ಹೆಚ್ಚೆಂದರೆ ಕೊನೇ ಅರ್ಧ ನಿಮಿಷದ ಕೆಲಸ ಹೋಗಬೇಕು ಅಷ್ಟೇ ಅಲ್ವಾ? ಮಂಡಿಯಲ್ಲಿ ಅರ್ಧ ನಿಮಿಷಕ್ಕೆ ಒಂದು ಚೀಟಿಯೂ ಆಗುವುದಿಲ್ಲ. ಇಡೀ ದಿನ ಯಾಕೆ ಹೋಯಿತು?

ಉತ್ತರ ಗುಮಾಸ್ತರ ಮಾತಿನಲ್ಲೇ ಇತ್ತು. ಹೋಸ್ಟ್ ತಳ್ಳುವಾಗ ಗೆಸ್ಟ್ (ಅಂದರೆ ಒಳಗಿನ ವಿಎಂ) ಬರೆದ ಕ್ರಮದಲ್ಲಿ ತಳ್ಳುವುದಿಲ್ಲ. ಅದಕ್ಕೆ ಅವೆಲ್ಲ ಒಂದು ದೊಡ್ಡ ಫೈಲಿನ ಬೇರೆ ಬೇರೆ ತುಂಡುಗಳು, ಯಾವುದು ಕಿರ್ದಿ ಯಾವುದು ಖಾತೆ ಅಂತ ಅದಕ್ಕೆ ಗೊತ್ತಿಲ್ಲ. ಡಿಸ್ಕಿನ ತಲೆ ಓಡಾಡಲು ಅನುಕೂಲವಾಗುವ ಹಾಗೆ ಬರೆಯುತ್ತದೆ. ಕ್ರಮ ಕಾಪಾಡಲು ಗೆಸ್ಟಿಗೆ ಇರುವುದು ಒಂದೇ ಮಾತು: ಫ್ಲಶ್. "ಇಲ್ಲಿಯ ತನಕ ಕೊಟ್ಟದ್ದನ್ನೆಲ್ಲ ಡಿಸ್ಕಿಗೆ ಸೇರಿಸು, ಸೇರಿದ ಮೇಲೆ ನನಗೆ ಹೇಳು." ಲಾಗ್ ಬರೆದು ಫ್ಲಶ್ ಕೇಳಿ, ಆಯ್ತು ಅಂತ ಉತ್ತರ ಬಂದ ಮೇಲೆ ಪುಟ ಬರೆದರೆ ಕಿರ್ದಿ ಯಾವತ್ತೂ ಖಾತೆಗಿಂತ ಮುಂದಿರುತ್ತದೆ. ಅನ್‌ಸೇಫ್ ಮೋಡಿನಲ್ಲಿ ಕ್ಯೂಎಮು (ಕೆವಿಎಂ ಜೊತೆ ಸೇರಿ ಗೆಸ್ಟಿಗೆ ಡಿಸ್ಕ್ ಒದಗಿಸುವ ಪ್ರೋಗ್ರಾಂ) ಈ ಫ್ಲಶ್ಶಿಗೆ ಆಯ್ತು ಅಂತ ಮಾತ್ರ ಹೇಳುತ್ತದೆ, ಕೆಳಗೆ ಏನನ್ನೂ ಕೇಳುವುದಿಲ್ಲ. ಆಗ ನಡುವಿನ ಗೋಡೆ ಬಿದ್ದುಹೋಗುತ್ತದೆ. ಅರ್ಧ ನಿಮಿಷದಷ್ಟು ಬರಹ ಕಲಸಿಹೋದರೆ ಸಾಕು, ಅದರ ಹಿಂದಿನ ವರ್ಷಗಳ ಪುಸ್ತಕವನ್ನೂ ನಂಬುವ ಹಾಗಿರುವುದಿಲ್ಲ. "ಸ್ವಲ್ಪ ಡೇಟಾ ಹೋದರೆ ಪರವಾಗಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎಷ್ಟು ಹೋಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆಯಲ್ಲ. ಉಳಿದದ್ದು ಒಂದಕ್ಕೊಂದು ಹೊಂದುತ್ತದೆಯಾ ಅನ್ನುವುದು ದೊಡ್ಡದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ರಾತ್ರಿ ಬಸ್ಸಿಗೆ ಓಡುವ ಮುಂಚೆ ನಾನು ಪರೀಕ್ಷೆ ಮಾಡಿಯೇ ಹೋಗಿದ್ದೆ. ವಿಎಂ ಅನ್ನು ಬಲವಂತವಾಗಿ ನಿಲ್ಲಿಸಿ ಮತ್ತೆ ಶುರು ಮಾಡಿದ್ದೆ, ಎಲ್ಲ ಸಾಲೂ ಸರಿಯಾಗಿದ್ದವು. ಅದರಿಂದ ಧೈರ್ಯ ಬಂದಿತ್ತು. ಆದರೆ ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ವಿಎಂ ಸತ್ತರೂ ಹೋಸ್ಟಿನ ಕರ್ನಲ್ (ಓಎಸ್‌ನ ತಿರುಳು) ಬದುಕಿರುತ್ತದೆ. ಅದರ ಕೈಗೆ ಕೊಟ್ಟ ಬರಹ ಅದರ ಹತ್ತಿರವೇ ಇರುತ್ತದೆ, ನಿಧಾನಕ್ಕೆ ಡಿಸ್ಕಿಗೆ ಹೋಗುತ್ತದೆ. ಕರೆಂಟ್ ಹೋದಾಗ ಸಾಯುವುದು ಹೋಸ್ಟ್. ವಿಎಂ ಕೊಂದು ನೋಡಿ "ಸೇಫ್ ಇದೆ" ಅನ್ನುವವರನ್ನು ಈಗಲೂ ನೋಡುತ್ತೇನೆ. ಅವರಿಗೆ ಅವತ್ತಿನ ನನ್ನ ಧೈರ್ಯವೇ ಇದೆ.

ಹೆಸರು ಒಂದು, ಕೆಲಸ ಇನ್ನೊಂದು

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ನೋ ಕ್ಯಾಶ್ ಅಂದರೆ ಕ್ಯಾಶ್ ಇಲ್ಲ ಅಂತ ಓದಿಕೊಳ್ಳುವುದು ಸಹಜ. ರೈಟ್ ಬ್ಯಾಕ್ ಅಂದರೆ ಆಮೇಲೆ ಬರೆಯುತ್ತೇನೆ ಅನ್ನುವ ಸೋಮಾರಿ, ಅಪಾಯ ಅಂತಲೂ ಅನ್ನಿಸುತ್ತದೆ. ಎರಡೂ ಪೂರ್ತಿ ನಿಜವಲ್ಲ. ಕ್ಯೂಎಮುವಿನ ಈ ಪಟ್ಟಿಯನ್ನು ನೋಡುವಾಗ ನಾನು ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ. ಬರಹ ದಾರಿಯಲ್ಲಿ ಯಾರ ಮೆಮೊರಿಯಲ್ಲಿ ನಿಲ್ಲುತ್ತದೆ? ಗೆಸ್ಟ್ ಫ್ಲಶ್ ಅಂದಾಗ ಕೆಳಗಿನವರು ಪಾಲಿಸುತ್ತಾರಾ?

ನೋ ಕ್ಯಾಶ್ ಅಂದರೆ ಹೋಸ್ಟಿನ ಪೇಜ್ ಕ್ಯಾಶನ್ನು (ಹೋಸ್ಟಿನ ಲಿನಕ್ಸ್ ಬರಹ ಇಟ್ಟುಕೊಳ್ಳುವ ಮೆಮೊರಿಯನ್ನು) ಬಿಟ್ಟು ಪಕ್ಕದಿಂದ ಹೋಗುವುದು ಅಷ್ಟೇ. ಓ ಡೈರೆಕ್ಟ್ ಅಂತ ಆ ದಾರಿಯ ಹೆಸರು. ಆದರೆ ಡಿಸ್ಕಿನೊಳಗೇ ಅದರದ್ದೇ ಮೆಮೊರಿ ಇರುತ್ತದೆ. ಬರಹ ಅಲ್ಲಿಗೆ ತಲುಪಿದರೆ ಡಿಸ್ಕ್ ಆಯ್ತು ಅನ್ನುತ್ತದೆ, ತಟ್ಟೆಗೆ ಇಳಿದಿರಲೇಬೇಕು ಅಂತಿಲ್ಲ. ಇಳಿಸಬೇಕು ಅಂದರೆ ಇಲ್ಲೂ ಫ್ಲಶ್ ಕೇಳಲೇಬೇಕು. ರೈಟ್ ಬ್ಯಾಕ್ ಅಂದರೆ ಹೋಸ್ಟಿನ ಪೇಜ್ ಕ್ಯಾಶ್ ಮೂಲಕ ಹೋಗುವುದು, ಆದರೆ ಫ್ಲಶ್ ಅಂದರೆ ಹೋಸ್ಟ್ ಕೈಯಲ್ಲಿದ್ದದ್ದನ್ನೆಲ್ಲ ಕೆಳಗೆ ಇಳಿಸಿಯೇ ಉತ್ತರ ಕೊಡುತ್ತದೆ. ಹಾಗಾಗಿ ಗೆಸ್ಟ್ ಫ್ಲಶ್ ಕೇಳಿ ಉತ್ತರ ಪಡೆದ ಬರಹದ ಮಟ್ಟಿಗೆ ಇವೆರಡೂ ಒಂದೇ. ಗೆಸ್ಟಿಗೂ ಎರಡೂ ಒಂದೇ ಥರ ಕಾಣುತ್ತವೆ: "ಇಲ್ಲಿ ಕ್ಯಾಶ್ ಇದೆ, ಬೇಕಾದಾಗ ಫ್ಲಶ್ ಕೇಳು." ಕೇಳದೇ ಇದ್ದ ಬರಹದಲ್ಲಿ ವ್ಯತ್ಯಾಸವಿದೆ. ರೈಟ್ ಬ್ಯಾಕ್‌ನಲ್ಲಿ ಅದು ಹೋಸ್ಟಿನ ಮೆಮೊರಿಯಲ್ಲಿ ಜಾಸ್ತಿ ಹೊತ್ತು ಕೂತಿರಬಹುದು. 2012ರಲ್ಲಿ ಬಂದ ಕ್ಯೂಎಮು 1.2ರಿಂದ, ನಾವೇನೂ ಆರಿಸದಿದ್ದರೆ ಸಿಗುವುದು ರೈಟ್ ಬ್ಯಾಕ್. ಅದಕ್ಕೆ ಮುಂಚೆ ರೈಟ್ ಥ್ರೂ ಇತ್ತು. ಅದನ್ನು ಬದಲಿಸಿದವರು ಡೇಟಾ ಬಗ್ಗೆ ಅಸಡ್ಡೆ ಮಾಡಲಿಲ್ಲ. ಅಷ್ಟು ಹೊತ್ತಿಗೆ ಗೆಸ್ಟ್‌ಗಳು ಫ್ಲಶ್ ಕೇಳುವುದನ್ನು ಕಲಿತಿದ್ದವು.

ರೈಟ್ ಥ್ರೂ ಮತ್ತು ಡೈರೆಕ್ಟ್ ಸಿಂಕ್ ಎರಡರಲ್ಲೂ ಗೆಸ್ಟ್ ಕೇಳಲಿ ಬಿಡಲಿ, ಪ್ರತಿ ಬರಹಕ್ಕೂ ಒಂದು ಫ್ಲಶ್ ತಾನಾಗಿ ನಡೆಯುತ್ತದೆ. ತುಂಬಾ ನಿಧಾನ. ಫ್ಲಶ್ ಕೇಳುವ ಅಭ್ಯಾಸವೇ ಇಲ್ಲದ ಹಳೆಯ ಗೆಸ್ಟ್ ಇದ್ದರೆ ಮಾತ್ರ ಅದಕ್ಕೆ ಬೆಲೆ. ಮಂಡಿಯ ಆ ಹಳೇ ವಿಂಡೋಸಿಗೆ ನಾನು ಕೊನೆಗೆ ರೈಟ್ ಥ್ರೂ ಹಾಕಿದೆ, ದಿನಕ್ಕೆ ನಾಲ್ಕು ಸಲ ತೆರೆಯುವ ಪ್ರೋಗ್ರಾಮಿಗೆ ನಿಧಾನವಾದರೆ ನಷ್ಟವೇನಿಲ್ಲ. ಇನ್ನು ಅನ್‌ಸೇಫ್. ಅದರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಪಟ್ಟಿಯಲ್ಲಿ ತನ್ನ ಗುಣವನ್ನು ಬಾಯಿಬಿಟ್ಟು ಹೇಳುವ ಹೆಸರು ಅದೊಂದೇ. ಸಂಜೆ ಅಳಿಸಿಹಾಕುವ ಟೆಸ್ಟ್ ಮಷೀನಿಗೆ, ಓಎಸ್ ಇನ್‌ಸ್ಟಾಲ್ ಮಾಡುವಾಗ, ಕೆಟ್ಟರೆ ಮೊದಲಿಂದ ಮಾಡಬಹುದಾದ ಕೆಲಸಕ್ಕೆ ಅದು ಒಳ್ಳೆಯದೇ. ನಾನು ಅವತ್ತು ಹಳೆ ಡೇಟಾ ಸಾಗಿಸುವಾಗ ಹಾಕಿದ್ದೂ ತಪ್ಪಲ್ಲ. ಮರುದಿನ ಬೆಳಿಗ್ಗೆ ಮೊದಲ ಬೆಳೆಗಾರರ ಮೂಟೆ ತೂಗುವ ಹೊತ್ತಿಗೂ ಅದು ಹಾಗೇ ಇತ್ತಲ್ಲ, ಅದು ತಪ್ಪು.

ಕ್ಯೂಎಮುವಿನಲ್ಲಿ ಈ ಐದು ಹೆಸರುಗಳ ಹಿಂದೆ ಈಗ ಮೂರು ಬೇರೆ ಬೇರೆ ಸ್ವಿಚ್ ಇವೆ: ರೈಟ್ ಬ್ಯಾಕ್, ಡೈರೆಕ್ಟ್, ನೋ ಫ್ಲಶ್. ನನಗೆ ಇದೇ ಇಷ್ಟ. ಮೂರನೆಯದನ್ನು ಆನ್ ಮಾಡುವವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಾಗದೇ ಇರುವುದಿಲ್ಲ. (ಡೇಟಾಬೇಸಿಗೆ ನೋ ಕ್ಯಾಶ್ ಯಾಕೆ ಒಳ್ಳೆಯದು ಅಂದರೆ ಕಾರಣ ಬೇರೆ. ಒಂದೇ ಡೇಟಾ ಗೆಸ್ಟಿನಲ್ಲೂ ಹೋಸ್ಟಿನಲ್ಲೂ ಎರಡೆರಡು ಸಲ ಮೆಮೊರಿ ತಿನ್ನುವುದಿಲ್ಲ. ಹಂಚಿಕೊಂಡ ಸ್ಟೋರೇಜ್ ಇದ್ದಾಗ ಓಡುತ್ತಿರುವ ವಿಎಂ ಅನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸಾಗಿಸುವುದೂ ಸಲೀಸು. ಹುಡುಗನಿಗೆ ಹೇಳಬೇಕಾಗಿದ್ದ ಕಾರಣ ಇದು.)

ಕೇಳದಿದ್ದರೆ ಯಾರೂ ಕೊಡುವುದಿಲ್ಲ

ಹೋಸ್ಟಿನಲ್ಲಿ ಎಲ್ಲ ಸರಿಯಾಗಿ ಹಾಕಿ, ಗೆಸ್ಟ್ ಒಳಗೆ ಫ್ಲಶ್ಶನ್ನೇ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಹಳೆಯ ಇಎಕ್ಸ್‌ಟಿ-3 ಫೈಲ್ ಸಿಸ್ಟಮ್‌ನಲ್ಲಿ ಬ್ಯಾರಿಯರ್ (ಕ್ರಮ ಕಾಪಾಡಲು ಫೈಲ್ ಸಿಸ್ಟಮ್ ತಾನೇ ಫ್ಲಶ್ ಕೇಳುವುದು) ಅನ್ನೋದು ಮೂಲ ಕರ್ನಲ್ಲಿನಲ್ಲಿ ತಾನಾಗಿ ಆನ್ ಇರುತ್ತಿರಲಿಲ್ಲ. ಇಎಕ್ಸ್‌ಟಿ-4ರಲ್ಲಿ ಇರುತ್ತದೆ, ಆದರೆ ವೇಗಕ್ಕೆ ಅಂತ ಎಲ್ಲೋ ಓದಿ ಅದನ್ನು ಆಫ್ ಮಾಡಿ ಮೌಂಟ್ ಮಾಡುವವರಿದ್ದಾರೆ. ಅದು ಒಳಗಡೆಯಿಂದ ಮಾಡಿದ ಅನ್‌ಸೇಫ್. ಮೈಎಸ್‌ಕ್ಯೂಎಲ್‌ನಲ್ಲಿ ಕಮಿಟ್ ಆದಾಗಲೆಲ್ಲ ಲಾಗನ್ನು ಫ್ಲಶ್ ಮಾಡು ಅನ್ನುವ ಸೆಟ್ಟಿಂಗ್ 1 ಇರಬೇಕು. 2 ಅಂತ ಮಾಡಿದರೆ ಸೆಕೆಂಡಿಗೊಂದು ಸಲ ಮಾತ್ರ. ಅದರಲ್ಲಿ ಕೊನೆಯ ಒಂದು ಸೆಕೆಂಡಿನ ಕಮಿಟ್ ಹೋಗಬಹುದು, ಆದರೆ ಪುಸ್ತಕ ಕೆಡುವುದಿಲ್ಲ, ಕಿರ್ದಿ ಮತ್ತು ಖಾತೆ ಹೊಂದುತ್ತವೆ. ಇದು ಗೊತ್ತಿದ್ದು ಮಾಡಿಕೊಳ್ಳಬಹುದಾದ ರಾಜಿ. ಬ್ಯಾರಿಯರ್ ಆಫ್ ಮಾಡುವುದು ಆ ಥರದ ರಾಜಿಯಲ್ಲ. ನಮ್ಮಲ್ಲಿ ತುಂಬ ಜನ ಮೊದಲು ಡೇಟಾಬೇಸ್ ಕಲಿತದ್ದು ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸಿನಲ್ಲಿ. ಗೆಸ್ಟ್ ಕಳಿಸುವ ಫ್ಲಶ್ಶನ್ನು ವೇಗಕ್ಕಾಗಿ ಸಾಮಾನ್ಯವಾಗಿ ಕಡೆಗಣಿಸುತ್ತೇವೆ, ಬೇಕಿದ್ದರೆ ಬದಲಿಸಿಕೊಳ್ಳಿ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಕಲಿಯುವುದಕ್ಕೆ ಸರಿ. ಅದರಲ್ಲೇ ಅಂಗಡಿ ಲೆಕ್ಕ ಇಟ್ಟವರು ಆ ಪುಟ ಓದಬೇಕು.

ಗೆಸ್ಟ್ ಒಳಗಿದ್ದುಕೊಂಡು ಇದನ್ನು ಪತ್ತೆ ಹಚ್ಚಬಹುದಾ? ಲಿನಕ್ಸಿನಲ್ಲಿ ಪ್ರತಿ ಡಿಸ್ಕಿನ ಹೆಸರಿನ ಕೆಳಗೆ ರೈಟ್ ಕ್ಯಾಶ್ ಅಂತ ಒಂದು ಪುಟ್ಟ ಫೈಲ್ ಇರುತ್ತದೆ. ತೆರೆದರೆ ರೈಟ್ ಬ್ಯಾಕ್ ಅಥವಾ ರೈಟ್ ಥ್ರೂ ಅಂತ ಕಾಣುತ್ತದೆ. ಅನ್‌ಸೇಫ್ ಇದ್ದರೂ ಅಲ್ಲಿ ಕಾಣುವುದು ರೈಟ್ ಬ್ಯಾಕ್ ಅಂತಲೇ. ಈ ಮಾತು ಗೊತ್ತಾದ ದಿನ ನನಗೆ ಜಾಸ್ತಿ ಬೇಜಾರಾಯಿತು. ಒಳಗಿರುವವರಿಗೆ ಗೊತ್ತಾಗುವ ಸರಿಯಾದ ದಾರಿಯೇ ಇಲ್ಲ. ಬಾಡಿಗೆಗೆ ವಿಎಂ ತೆಗೆದುಕೊಂಡವರು, ಅದರ ಮೇಲೆ ಪ್ರೋಗ್ರಾಂ ಬರೆದವರು, ಕೊನೆಗೆ ಚೀಟಿ ಹಿಡಿದುಕೊಂಡು ಮನೆಗೆ ಹೋದ ಬೆಳೆಗಾರರು, ಎಲ್ಲರೂ ಕೆಳಗೆ ಕೂತ ಒಬ್ಬರ ಆಯ್ಕೆಯನ್ನು ನಂಬಿರುತ್ತಾರೆ. ಆ ಆಯ್ಕೆ ಮಾಡಿದವರು ಹೇಳದಿದ್ದರೆ ಅವರಿಗೆ ತಿಳಿಯುವುದು ಕರೆಂಟ್ ಹೋದ ದಿನ.

ಇನ್ನೂ ಕೆಳಗಿರುವ ಡಿಸ್ಕ್ ಕೂಡ ಬರೆಯದೇ ಆಯ್ತು ಅನ್ನಬಹುದು. ಲೈವ್‌ಜರ್ನಲ್ ಅನ್ನೋ ಬ್ಲಾಗ್ ತಾಣ ಕಟ್ಟಿದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2005ರಲ್ಲಿ ಡಿಸ್ಕ್‌ಚೆಕರ್ ಅನ್ನೋ ಪುಟ್ಟ ಪರ್ಲ್ ಪ್ರೋಗ್ರಾಂ ಬರೆದದ್ದು ಇದಕ್ಕೇ. ಕರೆಂಟ್ ಹೋದಾಗ ಡೇಟಾಬೇಸ್ ಕೆಟ್ಟ ಅನುಭವ ಅವರಿಗೂ ಆಗಿತ್ತು, ಡಿಸ್ಕ್ ಮತ್ತು ರೇಡ್ ಕಾರ್ಡುಗಳೇ (ಹಲವು ಡಿಸ್ಕನ್ನು ಒಟ್ಟಿಗೆ ನಡೆಸುವ ಕಾರ್ಡುಗಳೇ) ಸುಳ್ಳು ಹೇಳುತ್ತವೆಯಾ ಅಂತ ನೋಡಬೇಕಿತ್ತು. ಸರ್ವರುಗಳ ಎಸ್‌ಎಸ್‌ಡಿಯಲ್ಲಿ ಈಗ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಕರೆಂಟ್ ಹೋದರೂ ಮೆಮೊರಿಯಲ್ಲಿದ್ದದ್ದನ್ನು ಇಳಿಸುವಷ್ಟು ಹೊತ್ತು ಜೀವ ಹಿಡಿದಿರುತ್ತವೆ. ಅಂಥ ಡಿಸ್ಕಿನಲ್ಲಿ ಸೆಕೆಂಡಿಗೆ ಸಾವಿರಾರು ಫ್ಲಶ್ ಬಂದರೂ ಅದು ಪ್ರಾಮಾಣಿಕವಾದದ್ದೇ. ಹಾಗಾಗಿ 120ರ ಲೆಕ್ಕ ತಿರುಗುವ ತಟ್ಟೆಗೆ ಮಾತ್ರ. ರೇಡ್ ಕಾರ್ಡಿನಲ್ಲಿ ಅದೇ ಕೆಲಸಕ್ಕೆ ಬ್ಯಾಟರಿ ಇರುತ್ತದೆ, ಆ ಬ್ಯಾಟರಿಗೂ ವಯಸ್ಸಾಗುತ್ತದೆ. ಇನ್ನು 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಿಗೆ ಗೊತ್ತಾದದ್ದು ಇದಕ್ಕಿಂತ ದಂಗುಬಡಿಸುವ ವಿಷಯ. ಲಿನಕ್ಸಿನಲ್ಲಿ ಎಫ್‌ಸಿಂಕ್ (ಪ್ರೋಗ್ರಾಂ ಓಎಸ್‌ಗೆ ಫ್ಲಶ್ ಕೇಳುವ ಕರೆ) ಒಂದು ಸಲ ಆಗಲಿಲ್ಲ ಅಂತ ಹೇಳಿದ ಮೇಲೆ ಮತ್ತೆ ಕೇಳಿದರೆ ಆಯ್ತು ಅನ್ನಬಹುದು, ಆ ಬರಹ ಡಿಸ್ಕಿಗೆ ಹೋಗದೇ ಇದ್ದರೂ. ಅಷ್ಟು ವರ್ಷ ಅವರು ಎರಡನೇ ಸಲ ಕೇಳಿ ಬಂದ ಉತ್ತರವನ್ನು ನಂಬಿದ್ದರು. ಈಗ ಪೋಸ್ಟ್‌ಗ್ರೆಸ್ ಎಫ್‌ಸಿಂಕ್ ತಪ್ಪಿದರೆ ಅಲ್ಲೇ ನಿಂತುಬಿಡುತ್ತದೆ, ಮತ್ತೆ ಎದ್ದು ಕಿರ್ದಿಯಿಂದ ಶುರು ಮಾಡುತ್ತದೆ. ಅದು ಓದಿದಾಗ ನನಗೆ ಗುಮಾಸ್ತರೇ ನೆನಪಾದರು. ಅನುಮಾನ ಬಂದರೆ ಅವರೂ ಒಟ್ಟು ಮೊತ್ತ ನೋಡುವುದಿಲ್ಲ, ಕಿರ್ದಿ ತೆಗೆಯುತ್ತಾರೆ.

ಆ ಭಾನುವಾರ

ಮರುದಿನ ಆಫೀಸಿಗೆ ಹೋಗಿ ಹುಡುಗನಿಗೆ ಇಷ್ಟನ್ನೂ ಹೇಳಿದೆ. ನೋ ಕ್ಯಾಶ್ ಹಾಗೇ ಇರಲಿ, ಆದರೆ ನಿನ್ನೆ ನಾನು ಹೂಂ ಅಂದದ್ದು ತಪ್ಪು ಅಂದೆ. ಅವನು ಕೇಳಿಸಿಕೊಂಡು, "ಹಾಗಾದ್ರೆ ಮಂಡಿಯಲ್ಲಿ ಸರಿಯಾಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಕ್ಕಾ?" ಅಂದ. ಒಳ್ಳೆಯ ಪ್ರಶ್ನೆ. ಅದಕ್ಕೆ ನಮ್ಮ ಹತ್ತಿರ ಒಂದು ಭಾನುವಾರ ಇತ್ತು.

ಮಂಡಿಗೆ ರಜೆ. ಗುಮಾಸ್ತರು ಬಂದು ಬೀಗ ತೆಗೆದರು. ಬೇರೆ ಒಂದು ವಿಎಂ ಮಾಡಿ, ಅದರೊಳಗೆ ಒಂದು ಪುಟ್ಟ ಪ್ರೋಗ್ರಾಂ ಇಟ್ಟಿದ್ದೆ. ಒಂದು ಅಂಕಿ ಫೈಲಿಗೆ ಬರೆಯಬೇಕು, ಫ್ಲಶ್ ಕೇಳಬೇಕು, ಆಯ್ತು ಅಂತ ಉತ್ತರ ಬಂದ ಮೇಲೆ ಮಾತ್ರ ಆ ಅಂಕಿಯನ್ನು ವೈರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಕಳಿಸಬೇಕು, ಆಮೇಲೆ ಮುಂದಿನ ಅಂಕಿ. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ. ಸರ್ವರನ್ನು ಯುಪಿಎಸ್‌ನಿಂದ ಬಿಡಿಸಿ ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಬ್ಯಾಕಪ್ ತೆಗೆದು, ಸರಿಯಾಗಿ ತೆರೆಯುತ್ತದೆಯಾ ಅಂತ ನೋಡಿ, ಬಿಲ್ಲಿಂಗ್ ವಿಎಂ ಅನ್ನು ನಿಲ್ಲಿಸಿದ್ದೆ. ಮೊದಲು ಬೇಕಂತಲೇ ಅನ್‌ಸೇಫ್ ಹಾಕಿದೆ. ಅವರಿಗೆ ಏನಾಗಿತ್ತು ಅಂತ ತೋರಿಸುವ ಸಾಲ ನನ್ನ ಮೇಲಿತ್ತು. ಪರದೆಯ ಮೇಲೆ ಅಂಕಿಗಳು ಓದಲಾಗದಷ್ಟು ಜೋರಾಗಿ ಓಡಿದವು. ಅವರು ಪ್ಲಗ್ ಕಿತ್ತರು. ಲ್ಯಾಪ್‌ಟಾಪಿನಲ್ಲಿ ನಿಂತ ಕೊನೆಯ ಅಂಕಿ 52,640. ಸರ್ವರ್ ಎದ್ದ ಮೇಲೆ ಫೈಲಿನಲ್ಲಿ ಇದ್ದ ಕೊನೆಯ ಅಂಕಿ 31,906. ಅವರು ಕಾಗದದಲ್ಲಿ ಕಳೆದು ನೋಡಿದರು. 20,734. "ಇಷ್ಟಕ್ಕೂ ಆಯ್ತು ಅಂತ ಹೇಳಿತ್ತಾ?" ಅಂದರು. ಪ್ರತಿ ಒಂದಕ್ಕೂ ಹೇಳಿತ್ತು ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ನೋ ಕ್ಯಾಶ್‌ಗೆ ಬದಲಿಸಿದೆ. ಅಂಕಿಗಳು ಈಗ ಮೊದಲಿಗಿಂತ ಎಷ್ಟೋ ನಿಧಾನ. ಒಂದು ನಿಮಿಷ ದಾಟಿದ ಮೇಲೆ ಕಣ್ಣಲ್ಲೇ ಸನ್ನೆ ಮಾಡಿದೆ, ಅವರು ಮತ್ತೆ ಪ್ಲಗ್ ಕಿತ್ತರು. ಫ್ಯಾನ್ ಶಬ್ದ ನಿಂತಿತು. ಲ್ಯಾಪ್‌ಟಾಪಿನಲ್ಲಿ 3,127. ಸರ್ವರ್ ಏಳುವ ತನಕ ಇಬ್ಬರೂ ನಿಂತೇ ಇದ್ದೆವು. ಫೈಲ್ ತೆರೆದೆ. 3,128.

"ಒಂದು ಜಾಸ್ತಿ ಇದೆಯಲ್ಲ ತಂಗಿ, ಇದೆಲ್ಲಿಂದ ಬಂತು?" ಅಂದರು. ಅದನ್ನು ಬರೆದು ಮುಗಿಸಿ ನನ್ನ ಲ್ಯಾಪ್‌ಟಾಪಿಗೆ ಹೇಳುವ ಮೊದಲೇ ನೀವು ಪ್ಲಗ್ ಕಿತ್ತಿರಿ ಅಂದೆ. ಅವರು ತಲೆಯಾಡಿಸಿದರು. "ಬರೆದು ಹೇಳದೇ ಇದ್ದದ್ದು ಪರವಾಗಿಲ್ಲ" ಅಂದರು. ಎರಡು ಸಲ, ಮೂರು ಸಲ ಮಾಡಿಸಿದರು. ಒಂದು ಸಲ ಎರಡೂ ಅಂಕಿ ಒಂದೇ ಬಂತು, ಇನ್ನೊಂದು ಸಲ ಮತ್ತೆ ಒಂದು ಜಾಸ್ತಿ. ಕಡಿಮೆ ಒಂದು ಸಲವೂ ಬರಲಿಲ್ಲ. ಬಿಲ್ಲಿಂಗ್ ವಿಎಂನ ಡಿಸ್ಕಿನಲ್ಲೂ ಅದೇ ಮೋಡ್ ಇದೆ ಅಂತ ಪರದೆಯಲ್ಲಿ ಬೆರಳಿಟ್ಟು ತೋರಿಸಿದೆ. ಅವರು ಕಿರ್ದಿ ಪುಸ್ತಕದ ಕೊನೇ ಹಾಳೆ ತೆಗೆದು ತಾರೀಖು ಬರೆದರು, ಆ ಅಂಕಿಗಳನ್ನೆಲ್ಲ ಜೋಡಿ ಜೋಡಿಯಾಗಿ ಬರೆದರು, ಪಕ್ಕದಲ್ಲಿ "ಕ್ಯಾಶ್ ಇಲ್ಲ" ಅಂತ ಬರೆದು ನನ್ನ ಮುಖ ನೋಡಿದರು. "ಹೋಸ್ಟಿನದ್ದು ಇಲ್ಲ ಅಂತ ಬರೀರಿ" ಅಂದೆ. ಹಾಗೇ ತಿದ್ದಿ, ಕೆಳಗೆ ನನ್ನ ಹತ್ತಿರ ಸಹಿ ಹಾಕಿಸಿಕೊಂಡರು.